ಅತ್ತಿಗೆಯ ಐದನೇ ಖಾತೆ

ಸೋಮವಾರ ಬೆಳಿಗ್ಗೆ ಮಗುವಿಗೆ ಹಾಲು ಕುಡಿಸುತ್ತ ಕುಳಿತಿದ್ದ ಮೆಲೆನೈತೆಯನ್ನು ಅತ್ತೆ ಕೇಳಿದ್ದು ಒಂದೇ ಮಾತು.

"ನೋಡಿದ್ಯಾ?"

"ನೋಡ್ದೆ," ಎಂದಳು ಮೆಲೆನೈತೆ.

ಆ ವಾರದ ಫಜೀತಿಗೆಲ್ಲ ಈ ಎರಡಕ್ಷರವೇ ಬುನಾದಿ. ಅವಳು ನೋಡಿರಲಿಲ್ಲ. ಆದರೆ ಅತ್ತೆ ಲೆಸಿಯೆಲಿ ಕೇಳಿದ ಧಾಟಿ ಹೇಗಿತ್ತೆಂದರೆ, ನೋಡಿಲ್ಲ ಎನ್ನುವುದು ಬೆಳಿಗ್ಗೆ ಎದ್ದು ಮುಖ ತೊಳೆದಿಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ನೋಡಬೇಕಾಗಿದ್ದದ್ದು ಇಷ್ಟು. ಗಂಡನ ಅಕ್ಕ ಲವೀನಿಯಾ ಸಿಡ್ನಿಯಲ್ಲಿದ್ದಾಳೆ. ಅಲ್ಲಿಯ ವೃದ್ಧಾಶ್ರಮವೊಂದರಲ್ಲಿ ಕೆಲಸ. ಭಾನುವಾರ ತಾಯಿಗೆ ಫೋನು ಮಾಡಿದಾಗ, "ಮಗೂ ಹೆಸರಿನ ವಿಷಯ ನನ್ನ ಪುಟದಲ್ಲಿ ಹಾಕ್ತೀನಿ, ನೈತೆ ನೋಡ್ಕೊಳ್ಳಲಿ," ಎಂದಿದ್ದಳು. ಇವರಿರುವ ವವಾಉ ದ್ವೀಪಗಳಲ್ಲಿ, ಅಷ್ಟೇಕೆ, ಪೆಸಿಫಿಕ್ ಸಾಗರದ ಟೋಂಗಾದಲ್ಲೆಲ್ಲ, ಹೆಸರಿಡುವುದು ಸೋದರತ್ತೆಯ ಹಕ್ಕು. ತಾಯಿ ಹೆರಬಹುದು, ತಂದೆ ಹಂದಿ ಸುಡಬಹುದು, ಪಾದ್ರಿ ನೀರು ಚಿಮುಕಿಸಬಹುದು. ಹೆಸರು ಮಾತ್ರ ತಂದೆಯ ಹಿರಿಯಕ್ಕನ ಬಾಯಿಂದಲೇ ಬರಬೇಕು. ಮೊದಲೆಲ್ಲ ಅವಳು ಮನೆಗೆ ಬಂದು, ಒಳ್ಳೆಯ ಚಾಪೆಯ ಮೇಲೆ ಕೂತು, ಕೋಳಿ ತಿಂದು, ಹೆಸರು ಹೇಳಿ ಹೋಗುತ್ತಿದ್ದಳು. ಈಗ ಪೋಸ್ಟ್ ಹಾಕುತ್ತಾಳೆ. ಕೋಳಿ ಉಳಿಯಿತು ಎಂದು ಮೆಲೆನೈತೆ ಅಂದುಕೊಂಡಿದ್ದಳು. ಭಾನುವಾರ ಮಗುವಿಗೆ ದೀಕ್ಷಾಸ್ನಾನ. ಅಷ್ಟರಲ್ಲಿ ಹೆಸರು ಬೇಕು.

ಮೆಲೆನೈತೆಗೆ ಒಂದು ಆಸೆಯಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಅವಳ ತಾಯಿ ಲುಸಿಯಾನೆ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಮಗು ಹೆಣ್ಣು ಎಂದು ದಾದಿ ಹೇಳಿದ ಗಳಿಗೆಯಲ್ಲೇ ಆ ಹೆಸರು ಅವಳ ನಾಲಿಗೆಯ ತುದಿಗೆ ಬಂದು ಕೂತಿತ್ತು, ಅಲ್ಲಿಂದ ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

ಅತ್ತೆ ಒಲೆಯ ಕಡೆ ಹೋದದ್ದೇ ಮೆಲೆನೈತೆ ಫೋನು ತೆಗೆದಳು.

ಫೋನು ಮೊದಲು ತೋರಿಸಿದ್ದು ಯಾವುದೋ ದೇಶದಲ್ಲಿ ಒಬ್ಬ ಗಂಡಸು ಕೊಳಕು ಜಮಖಾನೆಯನ್ನು ನೀರಿನ ರಭಸದಿಂದ ತೊಳೆಯುತ್ತಿದ್ದುದನ್ನು. ಆಮೇಲೆ ಎಣ್ಣೆಯಲ್ಲಿ ತೇಲುವ ಡೋನಟ್‌ಗಳು. ಆಮೇಲೆ ಬಾತುಕೋಳಿಯೊಂದಿಗೆ ಮಲಗುವ ನಾಯಿ. ಆಮೇಲೆ ಗಂಡನ ಬಗ್ಗೆ ಅಳುತ್ತಿದ್ದ ಒಬ್ಬಾಕೆ; ಯಾರವಳು, ಯಾವ ಗಂಡ, ಮೆಲೆನೈತೆಗೆ ತಿಳಿಯದು, ಆದರೂ ಮೂರು ನಿಮಿಷ ನೋಡಿದಳು. ಅವಳು ಫಾಲೋ ಮಾಡುತ್ತಿದ್ದುದು ಇನ್ನೂರ ನಲವತ್ತು ಜನರನ್ನು. ಫೋನು ಸದಾ ತೋರಿಸುತ್ತಿದ್ದುದು ಇನ್ನೂರ ನಲವತ್ತೊಂದನೆಯವರನ್ನು.

ಹಾಗಂತ ತಪ್ಪನ್ನೆಲ್ಲ ಫೋನಿನ ಮೇಲೆ ಹೊರಿಸುವಂತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಲವೀನಿಯಾಗೆ ಇದುವರೆಗೆ ಐದು ಖಾತೆಗಳಾಗಿವೆ. ಒಂದನೆಯದರ ಪಾಸ್‌ವರ್ಡ್ ಮರೆತಳು. ಎರಡನೆಯದು ಇದ್ದ ಫೋನು ವೃದ್ಧಾಶ್ರಮದ ಹಾಸಿಗೆ ಬಟ್ಟೆಗಳ ಜೊತೆ ಒಗೆಯುವ ಯಂತ್ರದೊಳಗೆ ಹೋಯಿತು. ಮೂರನೆಯದನ್ನು ಯಾರೋ ಕದ್ದು, ಅವಳ ಹೆಸರಿನಲ್ಲಿ ಬಂಧುಬಳಗಕ್ಕೆಲ್ಲ ತಂಪು ಕನ್ನಡಕ ಮಾರಲು ಹೊರಟರು. ನಾಲ್ಕನೆಯದರಲ್ಲಿ ನಡೆದದ್ದು ತೊಗಟೆ ಬಟ್ಟೆಯ ಪ್ರಕರಣ.

ಎರಡು ವರ್ಷದ ಹಿಂದೆ ಲವೀನಿಯಾಳ ಮಗಳ ಇಪ್ಪತ್ತೊಂದನೇ ಹುಟ್ಟುಹಬ್ಬಕ್ಕೆ ಮೆಲೆನೈತೆ, ಇನ್ನಾರು ಹೆಂಗಸರ ಜೊತೆ ಕೂತು, ಹನ್ನೊಂದು ವಾರ ತೊಗಟೆ ಬಡಿದು, ಅಂಟಿಸಿ, ಬಣ್ಣ ಹಾಕಿ ಕಳಿಸಿದ್ದಳು. ಲವೀನಿಯಾ ಅದನ್ನು ಹಜಾರದಲ್ಲಿ ಹಾಸಿ, ಚಿಕ್ಕದಾಯಿತೆಂದು ಎಲ್ಲರಿಗೂ ಕಾಣುವ ಹಾಗೆ ಪಕ್ಕದಲ್ಲಿ ಅಳತೆಯ ಟೇಪು ಎಳೆದಿಟ್ಟು, ಫೋಟೊ ಹಾಕಿದಳು. ಮೇಲೆ ಎರಡೇ ಸಾಲು: "ಪ್ರೀತಿಗೆ ಅಳತೆ ಇಲ್ಲ. ಬಟ್ಟೆಗೆ ಇದೆ." ಇನ್ನೂರೆಂಬತ್ತು ಬಂಧುಗಳು ನಗುವ ಮುಖ ಒತ್ತಿದರು. ಒಬ್ಬ ಚಿಕ್ಕಪ್ಪ ಎರಡು ಸಲ ಒತ್ತಲು ಪ್ರಯತ್ನಿಸಿದನಂತೆ.

ಆ ದಿನ ಮೆಲೆನೈತೆ ಮೂಲೆಯ ಮೂರು ಚುಕ್ಕೆ ಒತ್ತಿ ಫಾಲೋ ಮಾಡುವುದನ್ನು ನಿಲ್ಲಿಸಿದಳು. ಸ್ನೇಹ ಕಡಿಯಲಿಲ್ಲ, ಅಷ್ಟು ಧೈರ್ಯ ಎಲ್ಲಿಯದು. ಇದು ಎದುರಿನವರಿಗೆ ತಿಳಿಯದ ಹಾಗೆ ಬಾಗಿಲು ಮುಂದಕ್ಕೆ ಹಾಕಿಕೊಳ್ಳುವ ವ್ಯವಸ್ಥೆ. ಕೆಲವು ತಿಂಗಳಿಗೆ ಲವೀನಿಯಾ, ನಾಲ್ಕನೆಯದರ ಮೇಲೆ ದೃಷ್ಟಿ ಬಿದ್ದಿದೆ ಎಂದು ಐದನೆಯದನ್ನು ತೆರೆದು, ಕನ್ನಡಕದ ಕಳ್ಳರ ನೆನಪಿನಿಂದ ಅದಕ್ಕೆ ಬೀಗವನ್ನೂ ಹಾಕಿದಳು: ಸ್ನೇಹಿತರಲ್ಲದವರಿಗೆ ಏನೂ ಕಾಣದು. ಮೆಲೆನೈತೆಗೂ ಕೋರಿಕೆ ಬಂತು. ನಾಳೆ ಒತ್ತೋಣ ಎಂದಳು. ಮೂರು ವಾರ ಹಾಗೆಯೇ ಬಿಟ್ಟು, ಒಂದು ದಿನ ಅಳಿಸಿದಳು. ಆರುನೂರು ಬಂಧುಗಳಲ್ಲಿ ಒಬ್ಬಳು ಕಡಿಮೆಯಾದದ್ದು ಲವೀನಿಯಾಗೆ ಗೊತ್ತಾಗಲಿಲ್ಲ. ಎರಡು ವರ್ಷ ಮೆಲೆನೈತೆ ಸುಖವಾಗಿದ್ದಳು.

ಈಗ ಅವಳ ಫೋನಿನಲ್ಲಿದ್ದದ್ದು ನಾಲ್ಕು ಸತ್ತ ಲವೀನಿಯಾಗಳು. ಹುಡುಕಿದಳು. ಫಾಲೋ ಮಾಡುವವರ ಪೋಸ್ಟುಗಳನ್ನಷ್ಟೇ ತೋರಿಸುವ ಒಂದು ಕಿಂಡಿ ಮೂರು ಗೀಟುಗಳ ಹಿಂದೆ ಅಡಗಿದೆಯೆಂದು ಯಾರೋ ಹೇಳಿದ್ದರು. ಅದನ್ನೂ ಪತ್ತೆಹಚ್ಚಿ ತೆಗೆದಳು. ಚರ್ಚಿನ ಗಾಯನದ ವೇಳಾಪಟ್ಟಿ, ಹವಾಮಾನ, ದಾಯಾದಿಯೊಬ್ಬ ಮಾರಲಿಟ್ಟ ದೋಣಿಯ ಯಂತ್ರ, ಅದರ ಕೆಳಗೆ ಒಂದನೇ ಲವೀನಿಯಾ ಆರು ವರ್ಷದ ಹಿಂದೆ ಬದಲಿಸಿದ ಮುಖಚಿತ್ರ. ಐದನೆಯವಳನ್ನು ಹೆಸರಿನಿಂದ ಹುಡುಕಿದರೆ ಒಂದು ಸಂಪಿಗೆ ಹೂವಿನ ಚಿತ್ರ, ಅದರ ಪಕ್ಕ ಸಣ್ಣ ಬೀಗ. ಕೆಳಗೆ ನೀಲಿ ಗುಂಡಿ: ಸ್ನೇಹಕ್ಕೆ ಕೋರಿಕೆ ಕಳಿಸಿ.

ಒತ್ತಿದರೆ ಸಿಡ್ನಿಯಲ್ಲಿ ಗಂಟೆ ಹೊಡೆಯುತ್ತದೆ. ಎರಡು ವರ್ಷದಿಂದ ತಮ್ಮನ ಹೆಂಡತಿ ತನ್ನ ಪುಟದ ಹೊಸ್ತಿಲು ದಾಟಿಲ್ಲವೆಂದು ಲವೀನಿಯಾಗೆ ಆಗ ತಿಳಿಯುತ್ತದೆ. ಹೆಸರಿಡಬೇಕಾದ ವಾರದಲ್ಲೇ ತಿಳಿಯುತ್ತದೆ. ಅವಳು ಅದನ್ನು ತನ್ನ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಪೈಕಿಯಲ್ಲ, ಪೋಸ್ಟ್ ಹಾಕುತ್ತಾಳೆ.

ಮೆಲೆನೈತೆ ಫೋನು ಮಗುಚಿಟ್ಟಳು.

ಬೇರೆ ಮನೆಯಾಗಿದ್ದರೆ ಗಂಡನ ಫೋನು ತೆಗೆದು ನೋಡಬಹುದಿತ್ತು. ಕಿತಿಯೋನೆ ಬಂದರಿನಲ್ಲಿ ಸಾಮಾನು ಎತ್ತುವ ಯಂತ್ರ ಓಡಿಸುವವನು, ಒಳ್ಳೆಯವನು, ಆದ್ದರಿಂದಲೇ ಅಕ್ಕನ ಪುಟ ನೋಡದವನು. ಆ ದ್ವೀಪಗಳ ಪದ್ಧತಿಯಲ್ಲಿ ಅಕ್ಕತಮ್ಮಂದಿರು ಒಂದೇ ಕೋಣೆಯಲ್ಲಿ ಕೂತು ಸಿನಿಮಾ ನೋಡುವುದಿಲ್ಲ, ಅಕ್ಕನ ಎದುರು ತಮ್ಮ ಪೋಲಿ ಮಾತಾಡುವುದಿಲ್ಲ. ಮೀಸೆ ಮೂಡುವ ಮೊದಲೇ ಅವನು ಮಲಗುವ ಜಾಗವನ್ನು ಹೊರಗಿನ ಗುಡಿಸಲಿಗೆ ಬದಲಿಸಿದ್ದ. ಅಕ್ಕನ ಪುಟಕ್ಕೆ ಹೋಗುವುದೆಂದರೆ ಅಕ್ಕನ ಕೋಣೆಗೆ ಬಾಗಿಲು ಬಡಿಯದೆ ನುಗ್ಗಿದ ಹಾಗೆ. ಮದುವೆಯಾದ ಹೊಸದರಲ್ಲೇ ಹೇಳಿದ್ದ, "ಅಕ್ಕನ ಕಡೆ ಏನಿದ್ರೂ ನೀನೇ ನೋಡಿ ನಂಗೆ ಹೇಳು." ಆ ಮನೆಯ ಪಾಲಿನ ಕಣ್ಣು ಮೆಲೆನೈತೆ. ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಮೆಲೆನೈತೆಯ ತವರಿನವರ್ಯಾರೂ ಆ ಬೀಗದ ಒಳಗಿರಲಿಲ್ಲ.

ಮಂಗಳವಾರ ಚಾಪೆ ಹೆಣೆಯುವ ಮನೆಯಲ್ಲಿ ಅವಳು ಟೋಕಿಲುಪೆಯ ಪಕ್ಕದಲ್ಲಿ ಕೂತಳು. ಟೋಕಿಲುಪೆ ನೆರೆಮನೆಯವಳು, ಕಿತಿಯೋನೆಯ ದಾಯಾದಿಯ ಹೆಂಡತಿ. ಊರಿನ ಪೋಸ್ಟುಗಳನ್ನೆಲ್ಲ ನೋಡಿ, ಕಣ್ಣು ಕಾಣದ ಹಿರಿಯರಿಗೆ ಓದಿ ಹೇಳುವ ಕೆಲಸವನ್ನು ತಾನಾಗಿ ವಹಿಸಿಕೊಂಡವಳು.

"ಏನೇ ಬಾಣಂತಿ, ಮುಖ ಬಾಡಿದೆ," ಎಂದಳು ಟೋಕಿಲುಪೆ. "ಮಗೂ ನಿದ್ದೆ ಕೊಡಲ್ವಾ, ಗಂಡ ಕೊಡಲ್ವಾ?"

"ಇಬ್ರೂ ಗೊರಕೆ ಹೊಡೀತಾರೆ. ನಿದ್ದೆ ಇಲ್ದೆ ಇರೋಳು ನಾನೊಬ್ಳೇ."

"ಇರಲ್ವೇ ಮತ್ತೆ. ಅಷ್ಟು ದೊಡ್ಡ ವಿಷಯ. ನಾನು ಓದಿ ನಿಮ್ಮತ್ತೆಗೆ ಹೇಳ್ತಾ ಇದ್ರೆ ನನ್ನ ಗಂಟ್ಲೇ ಕಟ್ಟಿತು. ನಿಮ್ಮ ಅತ್ತಿಗೆ ಹೀಗೂ ಮಾಡ್ತಾಳೆ ಅಂತ ಯಾರಿಗೆ ಗೊತ್ತಿತ್ತು."

ಮೆಲೆನೈತೆ ಕೈಯಲ್ಲಿದ್ದ ಗರಿಯನ್ನು ಬದಿಗಿಟ್ಟಳು. "ಎಷ್ಟು ಜನ ಹಾರ್ಟ್ ಒತ್ತಿದಾರೆ ಅಂತ ನೋಡ್ಬೇಕಿತ್ತು," ಎಂದಳು, ಆದಷ್ಟು ಉದಾಸೀನವಾಗಿ. "ನನ್ನ ಫೋನು ಮನೇಲಿದೆ. ನಿನ್ನದ್ರಲ್ಲಿ ತೆಗಿ."

ಟೋಕಿಲುಪೆ ಕೈ ಒರೆಸಿಕೊಂಡು ಫೋನು ತೆಗೆದಳು. ಜಮಖಾನೆ ತೊಳೆಯುವ ಗಂಡಸು ಅಲ್ಲಿಯೂ ಇದ್ದ. "ಇವನೊಬ್ಬ. ನಮ್ಮೂರಲ್ಲಿ ಜಮಖಾನೆ ಯಾರ ಮನೇಲಿದೆ ಹೇಳು." ಬೆರಳಿನಿಂದ ತಳ್ಳುತ್ತ ಹೋದಳು. ರಗ್ಬಿ, ಕೇಕು, ರಗ್ಬಿ, ಹಲ್ಲು ಬೆಳ್ಳಗಾಗುವ ಪುಡಿ. "ನಿನ್ನೆ ಮೊದಲ್ನೇದೇ ಅದಿತ್ತು ಕಣೆ. ಇವತ್ತು ಎಲ್ಲಿ ಹೋಯ್ತೋ. ಒಂದ್ಸಲ ತೋರ್ಸಿದ್ದನ್ನ ಇದು ಇನ್ನೊಂದ್ಸಲ ತೋರ್ಸಲ್ಲ, ನಮ್ಮ ಪಾದ್ರಿ ನಗೂ ಥರ."

"ಅವಳ ಪುಟಕ್ಕೇ ಹೋಗಿ ನೋಡು."

"ಅಯ್ಯೋ, ಯಾವ ಲವೀನಿಯಾ ಅಂತ ಹೋಗ್ಲಿ. ಈ ಊರಲ್ಲೇ ಒಂಬತ್ತು ಜನ, ನಿಮ್ಮತ್ತಿಗೇದೇ ಐದು." ಆಮೇಲೆ ಪರದೆಯ ಮೇಲೆ ಏನೋ ಕೆಂಪಾಗಿ ಮಿನುಗಿ, ಅವಳು ನಿಟ್ಟುಸಿರು ಬಿಟ್ಟಳು. "ಡೇಟಾನೂ ಮುಗೀತು. ಮನೆಗೆ ಹೋಗಿ ನಿನ್ನದ್ರಲ್ಲೇ ನೋಡ್ಕೋ ಹೋಗು. ನಿನಗೇ ಬರೆದಿರೋದು, ನಿನಗೆ ಸಿಗದೆ ಇರತ್ತಾ."

ಸುತ್ತಲಿದ್ದ ಹೆಂಗಸರು ತಲೆ ಎತ್ತಿ ಮೆಲೆನೈತೆಯನ್ನು ನೋಡಿದರು, ಮುಗುಳ್ನಕ್ಕರು, ಮತ್ತೆ ತಲೆ ತಗ್ಗಿಸಿದರು. ಒಬ್ಬಳಾದರೂ ಹೆಸರು ಎತ್ತಲಿಲ್ಲ. ಅವಳಿಗೆ ಅದು ವಿಚಿತ್ರವೆನಿಸಲಿಲ್ಲ. ಪಾದ್ರಿ ಹೇಳುವ ಮೊದಲು ಮಗುವಿನ ಹೆಸರನ್ನು ಬೀದಿಯಲ್ಲಿ ಆಡಬಾರದೆಂದು ಎಷ್ಟೋ ಮನೆಗಳಲ್ಲಿದೆ. ಬರಿ ಒಂದು ಪದ ಬೇಕಾಗಿತ್ತು. ಊರಿನ ಪ್ರತಿ ಹೆಂಗಸಿನ ಬಾಯೊಳಗೂ ಅದು ಇತ್ತು, ಮತ್ತು ಪ್ರತಿ ಬಾಯೂ ಮುಚ್ಚಿತ್ತು.

ಬುಧವಾರ ಪಾದ್ರಿಯ ಹೆಂಡತಿ ಮಗುವನ್ನು ನೋಡಲು ಬಂದಳು. ಭಾರಿ ಮೈಯ, ಮೆತ್ತನೆ ಮಾತಿನ ಹೆಂಗಸು. ಮಗುವಿನ ಕೆನ್ನೆ ಮುಟ್ಟಿ, ಮೆಲೆನೈತೆಯ ಕೈ ಹಿಡಿದುಕೊಂಡು ಹೇಳಿದಳು, "ನಿನ್ನ ತಾಯಿ ಇದ್ದಿದ್ರೆ ಈ ವಾರ ಎಷ್ಟು ಸಂತೋಷ ಪಡ್ತಿದ್ಲು ಗೊತ್ತಾ. ನಿನ್ನ ಕಡೆಯೋರಿಗೆ ಅಷ್ಟು ದೊಡ್ಡ ಮರ್ಯಾದೆ. ಲವೀನಿಯಾ ಸಾಮಾನ್ಯದೋಳಲ್ಲ."

ಅವಳು ಹೋದ ಮೇಲೆ ಮೆಲೆನೈತೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಲೆಕ್ಕ ಹಾಕಿದಳು. ನಿನ್ನ ತಾಯಿ. ನಿನ್ನ ಕಡೆಯವರಿಗೆ ಮರ್ಯಾದೆ. ಟೋಕಿಲುಪೆಯ ಗಂಟಲು ಕಟ್ಟಿದ್ದು. ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬರುವ ಉತ್ತರ ಒಂದೇ. ಅಳತೆಯ ಟೇಪಿನ ಲವೀನಿಯಾ, ಯಾವ ದೇವರು ಬುದ್ಧಿ ಕೊಟ್ಟನೋ, ಮಗುವಿಗೆ ಲುಸಿಯಾನೆ ಎಂದು ಹೆಸರಿಟ್ಟಿದ್ದಾಳೆ.

ಅವಳು ಮಗುವಿನ ಕಿವಿಯ ಹತ್ತಿರ ಬಗ್ಗಿದಳು. ಸುತ್ತ ಯಾರೂ ಇರಲಿಲ್ಲ; ಹೊರಗೆ ಹಂದಿಯೊಂದು ಅಂಗಳದಲ್ಲಿದ್ದ ಹಲಸಿನ ಜಾತಿಯ ದೊಡ್ಡ ಮರದ ಬುಡ ಕೆರೆಯುತ್ತಿತ್ತು. "ಲುಸಿಯಾನೆ," ಎಂದು ಕರೆದಳು. ಮಗು ಬಾಯಿ ತೆರೆದು ಆಕಳಿಸಿತು. ಇನ್ನೊಂದು ಸಲ ಕರೆದಳು. ಆ ಸಂಜೆಯೊಳಗೆ ಹತ್ತು ಹನ್ನೆರಡು ಸಲ ಕರೆದಿರಬೇಕು.

ಗುರುವಾರ ಊಟದ ಹೊತ್ತಿಗೆ ಕಿತಿಯೋನೆ ಕೆಸುವಿನ ಗೆಡ್ಡೆ ಮುರಿಯುತ್ತ, ತಟ್ಟೆಯನ್ನೇ ನೋಡುತ್ತ ಕೇಳಿದ, "ಅಕ್ಕ ಏನಂದ್ಲು?"

ಮೆಲೆನೈತೆಗೆ ಆ ಹೆಸರು ಹೇಳಿಬಿಡಬೇಕೆನಿಸಿತು. ಆದರೆ ಊಹೆ ಊಹೆಯೇ. ತಪ್ಪಾದರೆ, ಅಕ್ಕನ ಮಾತನ್ನು ತಿರುಚಿ ಹೇಳಿದ ಹೆಂಡತಿ ಎಂದಾಗುತ್ತದೆ; ಅದಕ್ಕಿಂತ ದೋಣಿ ಹತ್ತಿ ಎಲ್ಲಿಗಾದರೂ ಹೋಗುವುದು ವಾಸಿ.

"ಭಾನುವಾರ ಪಾದ್ರಿ ಬಾಯಲ್ಲೇ ಕೇಳಿ," ಎಂದಳು.

"ಅಷ್ಟು ಗುಟ್ಟಾ?"

"ಗುಟ್ಟೇನಿಲ್ಲ. ನಿಮ್ಮಕ್ಕನ ಮಾತು, ನನ್ನ ಬಾಯಲ್ಲಿ ಯಾಕೆ ಮೊದಲು ಬರ್ಬೇಕು."

ಕಿತಿಯೋನೆ ತಾಯಿಯ ಕಡೆ ನೋಡಿದ. ಲೆಸಿಯೆಲಿ ತಲೆಯಾಡಿಸಿದಳು, ಸೊಸೆ ಹೇಳಿದ್ದು ಸರಿಯೆನ್ನುವ ಹಾಗೆ. "ಕೇಳ್ಬೇಡ ಬಿಡೋ ಅವಳನ್ನ. ನಾವ್ಯಾರೂ ಕೇಳೋ ಹಾಗಿಲ್ಲ. ಅದು ಅವರಿಬ್ಬರ ಮಧ್ಯದ್ದು." ಮಗ ಮತ್ತೊಂದು ಗೆಡ್ಡೆ ಮುರಿದ. ಸುಳ್ಳಿಗೆ ಇಷ್ಟು ಗೌರವ ಸಿಗುವುದೆಂದು ಮೆಲೆನೈತೆ ಎಣಿಸಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಟೋಕಿಲುಪೆ ಬೇಲಿಯ ಆಚೆಯಿಂದಲೇ ಕೂಗಿದಳು. "ಏನೇ ನೈತೆ, ಇನ್ನೂ ಅದರ ಕೆಳಗೆ ಏನೂ ಬರೆದಿಲ್ವಲ್ಲೇ ನೀನು."

"ಬರೀತೀನಿ."

"ಬರೀತೀನಿ ಬರೀತೀನಿ ಅಂತ ಇವತ್ತು ಶುಕ್ರವಾರ ಬಂತು. ಎಲ್ರೂ ನಿನ್ನ ಮಾತಿಗೇ ಕಾಯ್ತಿದಾರೆ. ಆಕ್ಲೆಂಡಿನ ನಮ್ಮಕ್ಕ ದಿನಾ ಕೇಳ್ತಾಳೆ, ಬರೆದ್ಲಾ ಬರೆದ್ಲಾ ಅಂತ. ನನಗೆ ಇದಕ್ಕಿಂತ ಹೆಚ್ಚು ಹೇಳೋಕೆ ಹಕ್ಕಿಲ್ಲಪ್ಪ. ನಾನು ಇಷ್ಟು ಹೇಳಿದೆ ಅಂತಾನೂ ಯಾರಿಗೂ ಹೇಳ್ಬೇಡ."

ಥ್ಯಾಂಕ್ಸ್ ಬರೆಯಬೇಕಿತ್ತು, ಐದು ದಿನವಾಯಿತು. ಮೆಲೆನೈತೆಗೆ ಅರ್ಥವಾದದ್ದು ಇಷ್ಟು. ತಾಯಿಯ ಹೆಸರಿಟ್ಟವಳಿಗೆ ಒಂದು ಮಾತೂ ಹೇಳದೆ ಕೂತಿದ್ದಾಳೆ, ಅದನ್ನು ಆರುನೂರು ಜನ ನೋಡುತ್ತಿದ್ದಾರೆ. ಬೀಗದ ಹೊರಗಿನಿಂದ ಬರೆಯುವುದಂತೂ ಸಾಧ್ಯವಿಲ್ಲ. ಬರೆಯದಿದ್ದರೆ ಕೃತಘ್ನೆ, ಬಾಗಿಲು ತಟ್ಟಿದರೆ ಕಳ್ಳಿ. ಎರಡರಲ್ಲಿ ಯಾವುದು ಮೇಲೆಂದು ಯೋಚಿಸುತ್ತ ಬಟ್ಟೆ ಒಣಹಾಕಿದಳು, ಒಣಹಾಕಿದ್ದನ್ನೇ ತೆಗೆದು ಮತ್ತೆ ಒಣಹಾಕಿದಳು.

ಮೂರು ಗಂಟೆಯ ಹೊತ್ತಿಗೆ ಅಂಗಳದ ಮರದ ಕೆಳಗೆ, ಸಿಗ್ನಲ್ ಚೆನ್ನಾಗಿ ಸಿಗುವ ಬೇರೊಂದರ ಮೇಲೆ ನಿಂತು, ನೀಲಿ ಗುಂಡಿ ಒತ್ತಿದಳು. ಗುಂಡಿ ಬೂದು ಬಣ್ಣಕ್ಕೆ ತಿರುಗಿತು: ಕೋರಿಕೆ ಕಳಿಸಲಾಗಿದೆ.

ಕಾದಳು. ಸಿಡ್ನಿಯಲ್ಲಿ ಲವೀನಿಯಾ ಮಧ್ಯಾಹ್ನದ ಪಾಳಿಯಲ್ಲಿ ಮುದುಕರಿಗೆ ಸ್ನಾನ ಮಾಡಿಸುತ್ತಿರಬಹುದು, ಫೋನು ಬೀರುವಿನಲ್ಲಿರಬಹುದು. ಮೆಲೆನೈತೆ ಹತ್ತು ನಿಮಿಷಕ್ಕೊಮ್ಮೆ ಹೋಗಿ ಬೇರಿನ ಮೇಲೆ ನಿಂತಳು. ಗುಂಡಿ ಬೂದಾಗಿಯೇ ಇತ್ತು. ಒಂದು ಸಲ ಕೋರಿಕೆ ಹಿಂತೆಗೆದುಕೊಂಡಳು, ಆದರೆ ಅಷ್ಟರಲ್ಲಿ ಅವಳು ನೋಡಿಬಿಟ್ಟಿದ್ದರೆ ಎಂದು ಭಯವಾಗಿ ಮತ್ತೆ ಕಳಿಸಿದಳು. ಗಂಡ ಕೆಲಸ ಮುಗಿಸಿ ಬರುವಾಗಲೂ ಅವಳು ಅಲ್ಲೇ ಇದ್ದಳು.

"ಯಾರಿಗೆ ಕಾಯ್ತಿದೀಯ?"

"ಯಾರಿಗೂ ಇಲ್ಲ. ಗಾಳಿಗೆ."

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಮರುದಿನದ ಊಟಕ್ಕೆಂದು ಕೆಸುವಿನ ಎಲೆ ತೊಳೆಯುತ್ತಿದ್ದಾಗ, ಫೋನು ಗುಣುಗುಟ್ಟಿತು. ಲವೀನಿಯಾ ಒಪ್ಪಿದ್ದಳು. ಜೊತೆಗೆ ಒಂದು ಸಂದೇಶ: "ನೀನೂ ಪಾಸ್‌ವರ್ಡ್ ಕಳ್ಕೊಂಡು ಹೊಸ ಖಾತೆ ಮಾಡಿದ್ಯಾ? ನನ್ನ ಥರಾನೇ. ಹಳೇದ್ರಲ್ಲಿ ಎಲ್ಲಾ ಓದಿದ್ಯಲ್ಲ, ಸಾಕು."

ಅಷ್ಟೆ. ಬೈಗುಳವಿಲ್ಲ, ಅಳತೆಯ ಟೇಪಿಲ್ಲ. ಎರಡು ವರ್ಷ ಹೊತ್ತು ತಿರುಗಿದ ಅಪರಾಧ ಲವೀನಿಯಾಗೆ ಕಾಣಿಸಲೇ ಇಲ್ಲ. ಮೆಲೆನೈತೆ ಒದ್ದೆ ಕೈಯಲ್ಲೇ ಸಂಪಿಗೆ ಹೂವನ್ನು ಒತ್ತಿದಳು. ಬೀಗ ಮಾಯವಾಯಿತು.

ಎರಡು ಪೋಸ್ಟುಗಳಿದ್ದವು, ಕೆಳಗಿದ್ದದ್ದನ್ನು ಮೊದಲು ಓದಿದಳು. ಸೋಮವಾರದ್ದು.

"ನನ್ನ ತಮ್ಮನ ಮಗಳಿಗೆ ಹೆಸರಿಡುವ ಹಕ್ಕು ನನ್ನದು. ಮಗುವಿನ ತಾಯಿ ತನ್ನ ತಾಯಿಯನ್ನು ಮಣ್ಣು ಮಾಡಿದ ದಿನ ನಾನು ಬರಬೇಕಿತ್ತು, ರಜೆ ಸಿಗಲಿಲ್ಲ, ಬರಲಿಲ್ಲ. ಅದು ನನ್ನ ಮನಸ್ಸಿನಲ್ಲಿದೆ. ಆದ್ದರಿಂದ ಈ ಸಲ ಹೆಸರನ್ನು ಅವಳಿಗೇ ಬಿಡುತ್ತೇನೆ. ಮೆಲೆನೈತೆ, ನಿನ್ನ ಕಡೆಯ ಯಾವ ಹೆಸರು ಬೇಕೋ ಇದರ ಕೆಳಗೆ ಬರಿ, ನಾನು ಅದನ್ನೇ ಹೇಳುತ್ತೇನೆ. ಶುಕ್ರವಾರ ಸಂಜೆಯವರೆಗೆ ಕಾಯುತ್ತೇನೆ. ಬೇರೆ ಯಾರೂ ಅವಳಿಗೆ ಸಲಹೆ ಕೊಡಬೇಡಿ, ನೆನಪಿಸಬೇಡಿ, ಬಾಯಿ ಹಾಕಬೇಡಿ. ಇದು ನಮ್ಮಿಬ್ಬರದು."

ಕೆಸುವಿನ ಎಲೆಯ ನೀರು ಅವಳ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಅವಳು ಮೇಲಿನದನ್ನು ಓದಿದಳು. ಶುಕ್ರವಾರದ್ದು, ಸಂಜೆ ಏಳು ಗಂಟೆ.

"ಐದು ದಿನ ಕಾದೆ. ಕೇಳಿದರೂ ಒಂದು ಹೆಸರನ್ನೂ ಮುಂದಿಡಲಿಲ್ಲ. ಹಕ್ಕು ನಿಮ್ಮದೇ, ನಿಮ್ಮಲ್ಲೇ ಇರಲಿ ಎಂದು ಬಾಯಿ ಬಿಡದೆ ಹೇಳಿದಳು. ಇಂಥ ಹೆಣ್ಣು ನಮ್ಮ ಮನೆಗೆ ಬಂದದ್ದು ನನ್ನ ತಮ್ಮನ ಪುಣ್ಯ. ಈಗಿನ ಹುಡುಗಿಯರು ನೋಡಿ ಕಲಿಯಬೇಕು. ಮಗುವಿನ ಹೆಸರು ಲವೀನಿಯಾ."

ಮುನ್ನೂರ ಹನ್ನೆರಡು ಹಾರ್ಟ್. ಕಮೆಂಟುಗಳು ಮುಗಿಯುವಂತೆಯೇ ಇರಲಿಲ್ಲ. ಸೊಸೆ ಎಂದರೆ ಹೀಗಿರಬೇಕು. ಓದಿ ಕಣ್ಣೀರು ಬಂತು. ನಾನಾಗಿದ್ದರೆ ಮೊದಲ ನಿಮಿಷದಲ್ಲೇ ನನ್ನಮ್ಮನ ಹೆಸರು ಬರೆದುಬಿಡುತ್ತಿದ್ದೆ, ಎಂದು ಆಕ್ಲೆಂಡಿನವಳು. ನಗುವ ಮುಖ ಎರಡು ಸಲ ಒತ್ತಲು ಹೋಗಿದ್ದ ಚಿಕ್ಕಪ್ಪನೂ ಅಲ್ಲಿದ್ದ, ಕೈಮುಗಿಯುವ ಚಿತ್ರದೊಂದಿಗೆ.

ಮೆಲೆನೈತೆ ಬರೆಯಲು ಶುರುಮಾಡಿದಳು. "ಅತ್ತಿಗೆ, ನಾನು ಅದನ್ನು ನೋಡೇ ಇರಲಿಲ್ಲ." ಆ ಒಂದು ಸಾಲು ಪರದೆಯ ಮೇಲೆ ನಿಂತಿತು. ಮುಂದಿನ ಸಾಲು ಏನೆಂದು ಅವಳು ಯೋಚಿಸಿದಳು. ಯಾಕೆ ನೋಡಿರಲಿಲ್ಲ ಎಂದು ಬರೆಯಬೇಕು. ಅದನ್ನು ಬರೆದರೆ ಎರಡು ವರ್ಷದ ಹಿಂದಕ್ಕೆ ಹೋಗಬೇಕು. ಸೋಮವಾರ ಅತ್ತೆಗೆ ನೋಡ್ದೆ ಎಂದದ್ದು, ಗುರುವಾರ ಗಂಡನಿಗೆ ಹೇಳಿದ್ದು, ಎಲ್ಲ ಹಿಂದೆ ಹಿಂದೆ ಬರುತ್ತವೆ. ಮತ್ತು ಮುನ್ನೂರ ಹನ್ನೆರಡು ಜನ ತಮ್ಮ ಹಾರ್ಟುಗಳನ್ನು ಒಂದೊಂದಾಗಿ ವಾಪಸು ತೆಗೆದುಕೊಳ್ಳಬೇಕಾಗುತ್ತದೆ.

ಅಷ್ಟರಲ್ಲಿ ಒಳಗಿನಿಂದ ಟೋಕಿಲುಪೆಯ ದನಿ ಕೇಳಿಸಿತು. ಅವಳು ಹಿಂಬಾಗಿಲಿನಿಂದ ಬಂದು ಲೆಸಿಯೆಲಿಗೆ ಕಮೆಂಟುಗಳನ್ನು ಒಂದೂ ಬಿಡದೆ ಓದಿ ಹೇಳುತ್ತಿದ್ದಳು. ಲೆಸಿಯೆಲಿ ನಡುನಡುವೆ, "ಅದನ್ನ ಇನ್ನೊಂದ್ಸಲ ಓದು," ಎನ್ನುತ್ತಿದ್ದಳು. ಆಮೇಲೆ ಗೋಡೆ ಹಿಡಿದುಕೊಂಡು ಮುದುಕಿಯೇ ಹೊರಗೆ ಬಂದಳು. ಏಳು ವರ್ಷದಲ್ಲಿ ಸೊಸೆಯ ಅಡುಗೆಗೆ ಉಪ್ಪು ಸಾಲದು ಎಂಬುದಕ್ಕಿಂತ ಉದ್ದದ ವಾಕ್ಯ ಹೇಳದವಳು ಅವಳು. ಒದ್ದೆ ಕೈಯ ಮೆಲೆನೈತೆಯ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು, ಕೆನ್ನೆಗೆ ಮೂಗು ಒತ್ತಿ ಉಸಿರೆಳೆದು, ಆ ದ್ವೀಪದವರ ರೀತಿಯಲ್ಲಿ ಮುತ್ತಿಟ್ಟಳು.

"ನನ್ನ ಹೊಟ್ಟೇಲಿ ಹುಟ್ಟಿದ್ರೂ ಇಷ್ಟು ಮಾಡ್ತಿರ್ಲಿಲ್ಲ ಯಾರೂ," ಎಂದಳು. "ಪಾದ್ರಿ ಮನೇಗೆ ಹೇಳಿ ಕಳಿಸ್ದೆ, ಹೆಸರು ಬರ್ಕೊಂಡ್ರಂತೆ."

ಹಿಂದೆ ನಿಂತಿದ್ದ ಟೋಕಿಲುಪೆ ಮೂಗು ಒರೆಸಿಕೊಂಡಳು. "ನಾನೊಬ್ಳು ಪೆದ್ದಿ. ಬರೆದಿಲ್ವಾ ಬರೆದಿಲ್ವಾ ಅಂತ ನಿನ್ನ ಪ್ರಾಣ ತಿಂದೆ. ಬರೀಬಾರ್ದು ಅಂತಾನೇ ನೀನು ಕೂತಿದ್ದೆ ಅಂತ ನನ್ನ ತಲೆಗೆ ಹೊಳೀಲಿಲ್ಲ ನೋಡು. ಹೋಗ್ಲಿ, ಈಗಾದ್ರೂ ಒಂದು ಹಾರ್ಟ್ ಒತ್ತು. ನಿಂದೊಂದೇ ಬಾಕಿ."

ಇಬ್ಬರೂ ನೋಡುತ್ತಿದ್ದರು, ಒಬ್ಬಳಿಗೆ ಕಣ್ಣು ಕಾಣುತ್ತಿರಲಿಲ್ಲ, ಆದರೂ ನೋಡುತ್ತಿದ್ದಳು. ಮೆಲೆನೈತೆ ಬರೆದ ಸಾಲನ್ನು ಅಳಿಸಿ, ಹಾರ್ಟ್ ಒತ್ತಿದಳು. ಮುನ್ನೂರ ಹದಿಮೂರಾಯಿತು.

ಭಾನುವಾರ ಪಾದ್ರಿ ಮಗುವಿನ ತಲೆಗೆ ನೀರು ಹಾಕಿ, ಲವೀನಿಯಾ ಎಂದು ಮೂರು ಸಲ ಹೇಳಿದರು. ಮಗು ಅಳಲಿಲ್ಲ, ಶುಭ ಎಂದರು. ಉಪದೇಶದಲ್ಲಿ ನಮ್ರತೆಯ ವಿಷಯ ಬಂತು, ಮೆಲೆನೈತೆಯ ಹೆಸರು ಬರಲಿಲ್ಲ, ಆದರೆ ಎಲ್ಲ ತಲೆಗಳೂ ಅವಳ ಕಡೆ ತಿರುಗಿದವು. ಅವಳು, ಚರ್ಚಿಗೆ ಬರುವಾಗ ಮರ್ಯಾದೆಗೆಂದು ಎಲ್ಲರೂ ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆಯ ಅಂಚನ್ನು ನೋಡುತ್ತ ಕೂತಳು. ಅದನ್ನೂ ನಮ್ರತೆಯೆಂದೇ ತಿಳಿದರು.

ಊಟವಾಗಿ ಬಂಧುಗಳೆಲ್ಲ ಹೋದ ಮೇಲೆ ಕಿತಿಯೋನೆ ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ಬಂದು ಕೂತ. "ಅಕ್ಕ ಏನೇನು ಬರೆದಿದಾಳೆ, ಪೂರ್ತಿ ಓದು. ನಾನಂತೂ ನೋಡೋ ಹಾಗಿಲ್ಲ. ಎಲ್ರೂ ಏನೇನೋ ಹೇಳ್ತಾರೆ."

ಅವಳು ಫೋನು ತೆಗೆದು ಓದಿದಳು. ಸೋಮವಾರದ್ದನ್ನು ಓದಿದಳು, ಸೋಮವಾರವೇ ಓದಿದವಳ ಹಾಗೆ, ಎಲ್ಲಿಯೂ ತಡೆಯದೆ. ಆಮೇಲೆ ಶುಕ್ರವಾರದ್ದು. ಅವನು ಸಮುದ್ರದ ಕಡೆ ಮುಖ ಮಾಡಿ ಕೇಳಿದ. ಅಕ್ಕನ ಮಾತು ಬಂದಾಗ ಯಾವಾಗಲೂ ಹಾಗೆ ಬೇರೆ ಕಡೆ ನೋಡುತ್ತಾನೆ.

"ಐದು ದಿನ ಒಬ್ಳೇ ಇಟ್ಕೊಂಡಿದ್ಯಾ ಇದನ್ನ," ಎಂದ ಆಮೇಲೆ. "ನನಗೂ ಹೇಳ್ಲಿಲ್ಲ."

"ಯಾರೂ ಬಾಯಿ ಹಾಕ್ಬಾರ್ದು ಅಂತ ಇತ್ತಲ್ಲ."

"ಹೂಂ. ಹೇಳ್ದೆ ಇದ್ದದ್ದೇ ಒಳ್ಳೇದಾಯ್ತು. ಹೇಳಿದ್ರೆ ನಾನು ತಡ್ಕೊತಿರ್ಲಿಲ್ಲ." ಅವನು ಮಂಡಿಯ ಮೇಲಿನ ಅನ್ನದಗುಳನ್ನೋ ಏನನ್ನೋ ಕೊಡವಿದ. "ನಿಮ್ಮಮ್ಮನ ಹೆಸರು ಬರಿ ಅಂತಿದ್ದೆ. ನೀನು ಹೆತ್ತ ದಿನದಿಂದ ನನ್ನ ಮನಸ್ಸಲ್ಲಿ ಅದೇ ಇತ್ತು. ಬಿಡು, ನೀನು ಮಾಡಿದ್ದೇ ಸರಿ. ನಿನಗೇನೂ ಹಾಗೆ ಅನ್ನಿಸ್ಲಿಲ್ವಾ?"

"ಇಲ್ಲ," ಎಂದಳು ಮೆಲೆನೈತೆ.

ಅವನು ಅವಳ ಬೆನ್ನ ಮೇಲೆ ಕೈಯಿಟ್ಟ. ಒಳಗೆ ಮಗು ಎದ್ದು ಮಿಸುಕಾಡಿತು, ಗಂಟಲು ಸರಿಮಾಡಿಕೊಂಡು ಅಳಲು ಶುರುಮಾಡಿತು.

"ನೈತೆ," ಎಂದು ಅತ್ತೆ ಕೋಣೆಯಿಂದ ಕರೆದಳು. "ಲವೀನಿಯಾಗೆ ಹಸಿವಾಗಿದೆ, ಬಾ."

ಮೆಲೆನೈತೆ ರವಿಕೆಯ ಗುಂಡಿ ಬಿಚ್ಚುತ್ತ ಎದ್ದು ಒಳಗೆ ಹೋದಳು.